ಎಡಗೈಯಲ್ಲಿ ಹಗ್ಗ

ಆ ಕಾಲುವೆಗೆ ಜನ ಇಟ್ಟಿರುವ ಅಡ್ಡಹೆಸರು ಡೈವೋರ್ಸ್ ಹಳ್ಳ. ನಕ್ಷೆಯಲ್ಲಿ ಬೇರೆ ಗಂಭೀರವಾದ ಹೆಸರಿದೆ. ಆದರೆ ಬೇಸಗೆಯಲ್ಲಿ ಅದರ ದಂಡೆಯ ಮೇಲೆ ಸ್ವಲ್ಪ ಹೊತ್ತು ನಿಂತವರಿಗೆ ಯಾವ ಹೆಸರು ಸರಿ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಳಗಿನ ನೀರಿನಿಂದ ಮೇಲಿನ ನೀರಿಗೆ ದೋಣಿಯನ್ನು ಏರಿಸಲು ಅಲ್ಲಿ ದಾರಿಯುದ್ದಕ್ಕೂ ಕಲ್ಲಿನ ತೊಟ್ಟಿಗಳಿವೆ. ದೋಣಿ ಒಳಗೆ ಬಂದಮೇಲೆ ಹಿಂದಿನ ಗೇಟು ಮುಚ್ಚುತ್ತಾರೆ, ಮುಂದಿನ ಗೇಟಿನ ಕಂಡಿಗಳಿಂದ ನೀರು ಬಿಡುತ್ತಾರೆ, ತೊಟ್ಟಿ ತುಂಬಿದ ಹಾಗೆ ದೋಣಿಯೂ ಮೇಲೇಳುತ್ತದೆ. ನೀರು ನುಗ್ಗುವಾಗ ದೋಣಿ ಕೊಬ್ಬಿದ ಹೋರಿಯಂತೆ ಮೂತಿ ತಿರುಗಿಸುತ್ತದೆ. ಅದನ್ನು ಹಗ್ಗದಿಂದ ಗೋಡೆಯ ಕಬ್ಬಿಣದ ಬಳೆಗೆ ಬಿಗಿದು, ದೋಣಿ ಏರಿದಷ್ಟೂ ಸಡಿಲವನ್ನು ಎಳೆದುಕೊಳ್ಳುತ್ತಾ ಇರಬೇಕು. ಸ್ಟೀರಿಂಗ್ ಹಿಂದೆ ಗಂಡ, ಹಗ್ಗದ ತುದಿಯಲ್ಲಿ ಹೆಂಡತಿ. ಗಂಡ ಕೂಗುತ್ತಾನೆ. ಹೆಂಡತಿಗೆ ಕೇಳಿಸುವುದಿಲ್ಲ, ಕೇಳಿಸಿದರೂ ಆಕೆ ಕೇಳುವುದಿಲ್ಲ. ದಂಡೆಯ ಮೇಲೆ ಐಸ್‌ಕ್ರೀಮ್ ಹಿಡಿದು ನಿಂತವರಿಗೆ ಬಿಟ್ಟಿ ನಾಟಕ.

ಡಾಗ್ನಿ ಮತ್ತು ಎಲೋಫ್ ಆ ಹೆಸರಿಗೆ ತಮ್ಮ ಪಾಲಿನ ಕಾಣಿಕೆ ಸಲ್ಲಿಸಿದವರೇ. ಎಲೋಫ್, ಓಮೋಲ್ ಎಂಬ ಊರಿನ ಡ್ರೈವಿಂಗ್ ಮಾಸ್ಟರ್. ಅರ್ಧ ಊರು ಅವನ ಬೈಗುಳ ಕೇಳಿಯೇ ಕ್ಲಚ್ ಬಿಡುವುದನ್ನು ಕಲಿತಿತ್ತು. ಡಾಗ್ನಿ ಶಾಲೆಯ ಅಡುಗೆಮನೆಯ ಮುಖ್ಯಸ್ಥೆ. ಅವಳು ಸೌಟಿನಿಂದ ಪಾತ್ರೆ ಬಡಿದರೆ ಇಡೀ ಊಟದ ಹಾಲ್ ತೆಪ್ಪಗಾಗುತ್ತಿತ್ತು. ಅವರ ಮರದ ದೋಣಿಗೆ ಎಲೋಫ್ ತನ್ನ ತಾಯಿಯ ಹೆಸರನ್ನೇ ಇಟ್ಟಿದ್ದ: ರೂತ್. "ಮನೇಲಿ ಒಬ್ಬ ಅತ್ತೆ ಸಾಲದು ಅಂತ ನೀರಿನ ಮೇಲೂ ಒಬ್ಬಳನ್ನ ತಂದಿಟ್ಟ," ಎಂದು ಡಾಗ್ನಿ ಬಂದರಿನವರ ಮುಂದೆ ಹೇಳಿ ನಗಿಸುತ್ತಿದ್ದಳು.

ಮದುವೆಯಾದ ಹೊಸತರಲ್ಲಿ ಇಬ್ಬರಿಗೂ ಒಂದು ಹುಚ್ಚಿತ್ತು. ತಮ್ಮೂರ ಮಗ್ಗುಲಿನ ವೇನೆರ್ನ್ ಸರೋವರದಿಂದ ಹೊರಟು, ಕಾಲುವೆ, ಸರೋವರ, ಮತ್ತೆ ಕಾಲುವೆ ದಾಟುತ್ತಾ, ದೇಶದ ಈ ಮಗ್ಗುಲಿನಿಂದ ಆ ಮಗ್ಗುಲಿನ ಸಮುದ್ರದವರೆಗೆ ನೀರಿನಲ್ಲೇ ಹೋಗಬೇಕು. ಒಂದು ಬೇಸಗೆ ಹೊರಟೂ ಹೊರಟರು. ಟೋರೆಬೂದಾ ತಲುಪುವ ಹೊತ್ತಿಗೆ ಎಲೋಫ್ ಎಷ್ಟು ಕೂಗಿದ್ದನೆಂದರೆ, ಡಾಗ್ನಿ ಕೈಯಲ್ಲಿದ್ದ ಹಗ್ಗವನ್ನು ನೀರಿಗೆ ಬಿಟ್ಟು, ಕೈ ಒರೆಸಿಕೊಂಡು, ದಂಡೆಯ ಪಕ್ಕದ ರೈಲು ನಿಲ್ದಾಣಕ್ಕೆ ನಡೆದು, ಮೊದಲು ಬಂದ ರೈಲು ಹತ್ತಿಬಿಟ್ಟಳು. ರೂತ್ ಕಾಲುವೆಗೆ ಅಡ್ಡಲಾಗಿ ನಿಂತು ಎರಡೂ ಕಡೆಯ ದೋಣಿಗಳನ್ನು ತಡೆಯಿತಂತೆ. ಆಮೇಲೆ ಅವರು ವೇನೆರ್ನ್ ಸರೋವರದಲ್ಲೇ ಸುತ್ತಿದರು. ಸಮುದ್ರದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಕಳೆದ ಹಿಮದ ಕಾಲದಲ್ಲಿ ಎಲೋಫನಿಗೆ ಲಕ್ವ ಹೊಡೆಯಿತು. ಬಲಗೈ ಸತ್ತಿತು, ಬಲಗಾಲು ಎಳೆಯಿತು, ಎರಡೂ ಕಣ್ಣಿಗೆ ಬಲಗಡೆಯ ಅರ್ಧ ಲೋಕ ಕಾಣದಾಯಿತು. ಇವೆಲ್ಲಕ್ಕಿಂತ ಡಾಗ್ನಿಯನ್ನು ಹೆದರಿಸಿದ್ದು ಮನೆಯೊಳಗಿನ ಮೌನ. ಆ ದೊಡ್ಡ ಗಂಟಲಿನಲ್ಲಿ ಮೂರು ಮಾತು ಉಳಿದಿದ್ದವು. ಹೌದು, ಇಲ್ಲ ಮತ್ತು ಹಾಳಾದ್ದು. ಕೊನೆಯದು ಮಾತ್ರ ಯಾವಾಗಲೂ ಸ್ಪಷ್ಟವಾಗಿ, ಸರಿಯಾದ ಜಾಗದಲ್ಲಿ ಬರುತ್ತಿತ್ತು. ಹೌದು ಇಲ್ಲಗಳು ಬಾಯಿಗೆ ಬರುವ ದಾರಿಯಲ್ಲಿ ಅದಲುಬದಲಾಗುತ್ತಿದ್ದವು.

ಮಗಳು ಉಲ್ರಿಕಾ ಕಾರ್ಲ್‌ಸ್ಟಾಡ್‌ನಿಂದ ವಾರವಾರವೂ ಬಂದಳು. ಅಪ್ಪನ ಮಾತ್ರೆ ಡಬ್ಬಿ ಅವಳೇ ತುಂಬಿದಳು, ಬಚ್ಚಲಿಗೆ ಹಿಡಿಕೆ ಹಾಕಿಸಿದಳು. ಹಿಮ ಕರಗಿದಮೇಲೆ ಒಂದು ಭಾನುವಾರ ಕಾಫಿ ಕುಡಿಯುತ್ತಾ, "ದೋಣಿ ನೋಡೋಕೆ ಮುಂದಿನ ಶನಿವಾರ ಒಬ್ಬರು ಬರ್ತಾರೆ ಅಮ್ಮ," ಎಂದಳು. "ಒಳ್ಳೆ ಜನ. ಚೆನ್ನಾಗಿ ನೋಡ್ಕೋತಾರೆ."

"ಯಾರ ದೋಣಿ?"

"ಅಮ್ಮ, ಪ್ಲೀಸ್. ಅಪ್ಪ ಓಡಿಸೋ ಹಾಗಿಲ್ಲ. ನೀನು ಒಂದು ದಿನಾನೂ ಓಡಿಸಿಲ್ಲ. ಅಲ್ಲಿ ನಿಂತು ನಿಂತು ಕೊಳೀಬೇಕಾ ಅದು? ಅಪ್ಪ, ನಿನಗೂ ಹಾಗೇ ಅನ್ಸುತ್ತೆ ಅಲ್ವಾ?"

"ಹೌದು," ಎಂದ ಎಲೋಫ್. "ಹೌದು, ಹೌದು, ಹೌದು!" ಎಂದು ಎಡಮುಷ್ಟಿಯಿಂದ ಮೇಜನ್ನು ಗುದ್ದಿದ. ಕಾಫಿ ಚೆಲ್ಲಿತು.

ಉಲ್ರಿಕಾ ಬಟ್ಟೆ ತಂದು ಮೇಜು ಒರೆಸಿದಳು. ಡಾಗ್ನಿ ಗಂಡನ ಮುಖವನ್ನು ನೋಡುತ್ತಾ ಕುಳಿತಳು.

ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ಬಂದರಿಗೆ ಹೋಗಿ ಎಂಜಿನ್ ಹಚ್ಚಿದಳು. ಮೊದಲ ಸಲ ಕಟ್ಟೆಗೆ ಗುದ್ದಿದಳು. ಎರಡನೆಯ ಸಲ ಇನ್ನೊಂದು ಕಟ್ಟೆಗೆ. ಬೆಂಚಿನ ಮೇಲಿದ್ದ ಗಂಡಸರಲ್ಲಿ ಒಬ್ಬ, "ಡಾಗ್ನಿ, ಕಟ್ಟೆ ಜಾಗ ಬಿಡಲ್ಲಮ್ಮ, ನೀನೇ ಬಿಡ್ಬೇಕು!" ಎಂದು ಕೂಗಿದ. "ನಿಂಗೆ ಲೈಸೆನ್ಸ್ ಸಿಕ್ಕಿದ್ದು ಎಷ್ಟನೇ ಸಲಕ್ಕೆ ಅಂತ ಎಲೋಫ್ ನಂಗೆ ಹೇಳಿದಾನೆ, ಬಾಯ್ಮುಚ್ಚು!" ಎಂದಳು ಡಾಗ್ನಿ. ಬೆಂಚು ನಕ್ಕಿತು. ವಾರವಿಡೀ ಅವಳು ತಿರುಗಿಸಿದಳು, ನಿಲ್ಲಿಸಿದಳು, ಹಿಂದಕ್ಕೆ ಬಿಟ್ಟಳು. ಮೂತಿ ತಿರುಗುವ ಮೊದಲು ಹಿಂಭಾಗ ತಿರುಗುತ್ತದೆ ಎಂಬುದು ಅವಳ ಮೈಗೆ ಅರ್ಥವಾಯಿತು. ಶುಕ್ರವಾರ ಎಲೋಫನ ಕಂಕುಳಿಗೆ ಹೆಗಲು ಕೊಟ್ಟು ದೋಣಿಗೆ ಹತ್ತಿಸಿದಳು. ಎಲ್ಲಿಗೆ ಎಂದು ಹೇಳಲಿಲ್ಲ. ಕಾಲುವೆಯ ನಕ್ಷೆಯನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು. ಅವನು ಬಹಳ ಹೊತ್ತು ನಕ್ಷೆಯನ್ನೇ ನೋಡಿದ. ಆಮೇಲೆ ಎಡಗೈ ಬೆರಳನ್ನು ಪೂರ್ವದ ಕೊನೆಯಲ್ಲಿ, ಮೇಮ್ ಎಂಬ ಊರಿನಾಚೆ ನೀಲಿ ಹರಡಿಕೊಂಡಿದ್ದಲ್ಲಿ, ಒತ್ತಿ ಹಿಡಿದ.

"ಹೂಂ, ಅಲ್ಲಿಗೇ," ಎಂದಳು ಡಾಗ್ನಿ.

ಶನಿವಾರ ಬಂದವರು ಖಾಲಿ ಜಾಗ ನೋಡಿಕೊಂಡು ಹೋದರು. ಆ ಹೊತ್ತಿಗೆ ಇವರು ವೇನೆರ್ನ್ ನಟ್ಟನಡುವಿನ ಲೂರೋ ದ್ವೀಪಗಳ ಮರೆಯಲ್ಲಿ ಗಟ್ಟಿರೊಟ್ಟಿಯ ಮೇಲೆ ಹೊಗೆಯಾಡಿಸಿದ ಮೀನಿಟ್ಟುಕೊಂಡು ತಿನ್ನುತ್ತಿದ್ದರು. ಫೋನಿನಲ್ಲಿ ಉಲ್ರಿಕಾ ಅತ್ತಳು, ಬೈದಳು, ಮತ್ತೆ ಅತ್ತಳು. "ಎಲ್ಲಿದೀಯ ಅಂತನಾದ್ರೂ ಹೇಳು!"

"ನೀರಿನ ಮೇಲೆ," ಎಂದಳು ಡಾಗ್ನಿ. "ನಿಮ್ಮಪ್ಪ ಚೆನ್ನಾಗಿ ತಿಂತಿದಾನೆ."

ಕಾಲುವೆಯ ಬಾಯಿ ಶೋತೋರ್ಪ್‌ನಲ್ಲಿ. ಅಲ್ಲಿನ ತೊಟ್ಟಿ ಕಾಯುವವನು ಇಬ್ಬರಿಗೂ ಹಳೆಯ ಪರಿಚಯದ ಸಿಕ್ಸ್‌ಟೆನ್. ಬಿಸಿಲಿಗೆ ಮೂಗು ಸುಲಿದ, ಯಾವುದಕ್ಕೂ ಅವಸರವಿಲ್ಲದ ಮನುಷ್ಯ. ದೋಣಿಯೊಳಗೆ ಒಮ್ಮೆ ಇಣುಕಿ, ಕಂಬಳಿ ಹೊದ್ದು ಕುಳಿತಿದ್ದ ಎಲೋಫನನ್ನು ನೋಡಿ, "ಸ್ಟೀರಿಂಗ್‌ಗೆ ಯಾರು?" ಎಂದ.

"ನಾನು."

"ಹಗ್ಗಕ್ಕೆ?"

"ಅದಕ್ಕೂ ನಾನೇ."

"ಒಬ್ಬಳಿಗೆ ಆಗಲ್ಲ ಡಾಗ್ನಿ. ಇಳಿಯೋದಾದ್ರೆ ಬೇರೆ ಮಾತು, ಹಗ್ಗ ಬಿಡ್ತಾ ಹೋದ್ರೆ ಆಯ್ತು. ಇಲ್ಲಿ ಹತ್ತಬೇಕು. ಯಾರನ್ನಾದ್ರೂ ಕರ್ಕೊಂಡು ಬಾ."

"ಮುನ್ನೂರು ಮಕ್ಕಳಿಗೆ ಒಂದೇ ಹೊತ್ತಿಗೆ ಅನ್ನ ಹಾಕಿದೀನಿ ಸಿಕ್ಸ್‌ಟೆನ್. ಎರಡು ಹಗ್ಗ ಹಿಡಿಯೋಕಾಗಲ್ವಾ? ದೋಣಿ ಒಳಗೆ ತರ್ತೀನಿ, ನೀನು ಕೊಕ್ಕೆ ಇಳಿಸಿ ಹಗ್ಗ ತಗೊಂಡು ಬಳೆಗೆ ಹಾಕು. ಹಿಂದಿನದು ಕಟ್ಟಿಬಿಡೋದು. ಮುಂದಿನದಕ್ಕೆ ನಾನು ಓಡಿ ಬರ್ತೀನಿ."

"ಓಡಿ ಬರ್ತೀಯಾ?"

"ನಡೆದು ಬಂದ್ರೂ ನಿನಗಿಂತ ಬೇಗ ಬರ್ತೀನಿ."

ಸಿಕ್ಸ್‌ಟೆನ್ ತಲೆ ಕೆರೆದುಕೊಂಡ. ಹಿಂದೆ ಸಾಲುಗಟ್ಟಿದ ದೋಣಿಗಳು ಕಾಯುತ್ತಿದ್ದವು. "ಒಂದು ತೊಟ್ಟಿ ನೋಡೋಣ," ಎಂದ. "ಆಗದಿದ್ರೆ ವಾಪಸ್."

ಮೊದಲ ತೊಟ್ಟಿ ಹೇಗೋ ಆಯಿತು. ಸಿಕ್ಸ್‌ಟೆನ್ ನೀರನ್ನು ಸಣ್ಣದಾಗಿ ಬಿಟ್ಟ. ಡಾಗ್ನಿ ಸ್ಟೀರಿಂಗ್ ಬಿಟ್ಟು ಮೂತಿಗೆ ಓಡಿದಳು, ಮೊಣಕಾಲು ಜಜ್ಜಿಕೊಂಡಳು, ಎಳೆದಳು. ಎಲೋಫ್ ಕ್ಯಾಬಿನ್ ಕಿಟಕಿಯಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದ.

ಮುಂದಿನದು ಒಂದಕ್ಕೊಂದು ಅಂಟಿಕೊಂಡು ಮೇಲೇರುವ ಜೋಡಿ ತೊಟ್ಟಿ. ಅದೇ ತೊಟ್ಟಿಯೊಳಗೆ ಪಕ್ಕದಲ್ಲಿ ಸ್ಟಾಕ್‌ಹೋಮಿನ ಒಂದು ದಂಪತಿಯ ಬಿಳಿ ಬಿಳಿ ಹೊಸ ದೋಣಿ, ಕಪಾಟಿನಲ್ಲಿಟ್ಟ ಪಿಂಗಾಣಿಯಂತೆ ಹೊಳೆಯುತ್ತಿತ್ತು. ನೀರು ನುಗ್ಗಿದಾಗ ಡಾಗ್ನಿ ಇನ್ನೂ ಅರ್ಧ ದಾರಿಯಲ್ಲಿದ್ದಳು. ಮುಂದಿನ ಹಗ್ಗ ಸಡಿಲಾಯಿತು. ರೂತ್‌ನ ಮೂತಿ ಗೋಡೆ ಬಿಟ್ಟು ಹೊರಗೆ ವಾಲಿ, ಭಾರವಾಗಿ, ಬಿಳಿ ದೋಣಿಯ ಕಡೆಗೆ ಹೊರಟಿತು.

"ಏಯ್! ಏಯ್! ನೋಡ್ಕೊಂಡು!" ಎಂದು ಆ ಗಂಡಸು ಕಿರುಚಿದ. "ಹಿಡಿಯೇ ಅದನ್ನ, ತಳ್ಳೇ!" ಎಂದು ತನ್ನ ಹೆಂಡತಿಗೆ. "ನೀನೇ ತಳ್ಳು!" ಎಂದಳು ಅವಳು.

ಆಗ ಕ್ಯಾಬಿನ್ನಿನ ಮುಂದಿನ ಮುಚ್ಚಳ ತೆರೆದುಕೊಂಡಿತು. ಅದರಿಂದ ಮೊದಲು ಎಲೋಫನ ಎಡಗೈ ಬಂತು, ಆಮೇಲೆ ತಲೆ, ಆಮೇಲೆ ಹೊಟ್ಟೆಯ ಮೇಲೆ ತೆವಳುತ್ತಾ ಅವನೇ ಬಂದ.

"ಒಳಗೆ ಹೋಗು!" ಡಾಗ್ನಿ ಕೂಗಿದಳು. "ಎಲೋಫ್! ಬೀಳ್ತೀಯ! ಹೇಳಿದ್ದು ಕೇಳಿಸ್ತಾ, ಒಳಗೆ ಕೂತ್ಕೋ ಅಂದೆ!"

ದಂಡೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಕಲ್ಲಿನ ಗೋಡೆಗಳ ನಡುವೆ ತನ್ನ ಗಂಟಲು ತನಗೇ ವಾಪಸು ಬಂದು ಬಡಿದಾಗ ಡಾಗ್ನಿ ಬೆಚ್ಚಿದಳು. ಎಲೋಫನ ಹಳೆಯ ಕೂಗೂ ಹೀಗೇ ಇರುತ್ತಿತ್ತು. ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

"ಇಲ್ಲ," ಎಂದ ಎಲೋಫ್. ಆ ಒಂದು ಸಲ ಮಾತು ದಾರಿ ತಪ್ಪಲಿಲ್ಲ.

ಅವನು ಜಾರುತ್ತಿದ್ದ ಹಗ್ಗವನ್ನು ಎಡಗೈಯಿಂದ ಹಿಡಿದು, ಮೂತಿಯಲ್ಲಿದ್ದ ಕಬ್ಬಿಣದ ಗೂಟಕ್ಕೆ ಒಂದು ಸುತ್ತು ಹಾಕಿ, ಹಿಂದಕ್ಕೆ ಒರಗಿ ಮಲಗಿಬಿಟ್ಟ. ಎಡಗಾಲನ್ನು ಗೂಟಕ್ಕೆ ಒತ್ತಿ, ಇಡೀ ಮೈಭಾರವನ್ನು ಹಗ್ಗದ ಮೇಲೆ ಬಿಟ್ಟ. ಹಗ್ಗ ಕಿರ್ ಎಂದಿತು. ಮೂತಿ ನಿಂತಿತು, ಯೋಚಿಸಿತು, ಮೆಲ್ಲಗೆ ಗೋಡೆಗೆ ವಾಪಸು ಬಂತು. ನೀರು ಏರಿದಾಗ ಸಡಿಲವನ್ನು ಎಳೆಯುತ್ತಿದ್ದ, ಎಳೆದದ್ದು ಜಾರದಂತೆ ತೊಡೆಯಡಿಗೆ ಒತ್ತಿಕೊಳ್ಳುತ್ತಿದ್ದ, ಮತ್ತೆ ಎಳೆಯುತ್ತಿದ್ದ. ಮೇಲೆ ತಲುಪುವ ಹೊತ್ತಿಗೆ ಅವನ ಅಂಗೈ ಸುಲಿದು ಹಗ್ಗ ಕೆಂಪಾಗಿತ್ತು.

ಡಾಗ್ನಿ ಅವನ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು. "ಇರೋದೇ ಒಂದು ಕೈ. ಅದನ್ನೂ ಹಾಳು ಮಾಡ್ಕೋತೀಯಾ? ಸಾಕು. ವಾಪಸ್ ಹೋಗೋಣ."

ಅವನು ಕೈ ಕಿತ್ತುಕೊಂಡ. ಮುಂದಿನ ತೊಟ್ಟಿಯ ಕಡೆ ಗಲ್ಲ ತೋರಿಸಿದ. ಮೊದಲು ಮಗಳು, ಆಮೇಲೆ ಹೆಂಡತಿ, ತನ್ನನ್ನು ಕಂಬಳಿಯಲ್ಲಿ ಸುತ್ತಿ ಇಟ್ಟಿದ್ದರ ಸಿಟ್ಟೆಲ್ಲ ಆ ಗಲ್ಲದಲ್ಲಿತ್ತು. ಡಾಗ್ನಿಗೆ ಅದು ತಟ್ಟಿತು. ಉಲ್ರಿಕಾ ತನ್ನನ್ನು ಕೇಳದೆ ಎಲ್ಲ ತೀರ್ಮಾನಿಸುತ್ತಾಳೆಂದು ಹೊರಟು ಬಂದವಳು, ಅದನ್ನೇ ತಾನು ಇವನಿಗೆ ಮಾಡುತ್ತಿದ್ದಳು.

ಸಿಕ್ಸ್‌ಟೆನ್ ಮೇಲಿನಿಂದ ಒಂದು ಜೊತೆ ಚರ್ಮದ ಕೈಗವಸು ಎಸೆದ. "ಒಂದೇ ಸಾಕಲ್ವಾ ಅವನಿಗೆ," ಎಂದ. "ಇನ್ನೊಂದು ಕಳೆದ್ರೂ ಪರವಾಗಿಲ್ಲ."

ಎಲೋಫ್ ಗಹಗಹಿಸಿ ನಕ್ಕ. ಆಸ್ಪತ್ರೆಯಿಂದ ಬಂದಮೇಲೆ ಅವನು ನಕ್ಕಿದ್ದನ್ನು ಡಾಗ್ನಿ ಕೇಳಿದ್ದು ಅದೇ ಮೊದಲು.

ಆಮೇಲೆ ಏರಿದ ತೊಟ್ಟಿಗಳಲ್ಲಿ ಅವರಿಗೊಂದು ಹದ ಸಿಕ್ಕಿತು. ಅವನು ಮೂತಿಯಲ್ಲಿ ದಿಂಬಿನ ಮೇಲೆ ಕೂರುತ್ತಿದ್ದ, ಸೊಂಟಕ್ಕೆ ಬಿಗಿದ ಪಟ್ಟಿಯನ್ನು ಡಾಗ್ನಿ ಕಂಬಿಗೆ ಸಿಕ್ಕಿಸುತ್ತಿದ್ದಳು. ಎಡ ಹಿಮ್ಮಡಿಯಿಂದ ಹಲಗೆಗೆ ಒಂದು ಸಲ ಬಡಿದರೆ ಮುಂದಕ್ಕೆ ಬಿಡು, ಎರಡು ಸಲ ಬಡಿದರೆ ಹಿಡಿದುಕೋ. ಹತ್ತುವ ನೀರಿನ ಭೋರ್ಗರೆತದಲ್ಲೂ ಆ ಬಡಿತ ಅವಳ ಪಾದಕ್ಕೆ ತಾಗುತ್ತಿತ್ತು. ಸ್ಟಾಕ್‌ಹೋಮಿನ ಜೋಡಿ ಪ್ರತಿ ತೊಟ್ಟಿಯಲ್ಲೂ ಅಕ್ಕಪಕ್ಕವೇ ಬಂತು, ಪ್ರತಿ ತೊಟ್ಟಿಯಲ್ಲೂ ಕಚ್ಚಾಡಿತು. ಕೊನೆಗೆ ಆ ಹೆಂಗಸು ರೂತ್‌ನ ಕಡೆ ಬಗ್ಗಿ, "ನೀವು ಹೇಗೆ ಇಷ್ಟು ಸದ್ದಿಲ್ಲದೆ ಮಾಡ್ತೀರಿ?" ಎಂದು ಕೇಳಿದಳು.

"ಒಬ್ಬರ ಬಾಯಿ ನಿಂತುಹೋಗ್ಬೇಕು," ಎಂದಳು ಡಾಗ್ನಿ. "ನಿನ್ನ ಗಂಡನ್ನ ನೋಡಿದ್ರೆ ಸದ್ಯಕ್ಕೆ ಕಷ್ಟ."

ಟೋರೆಬೂದಾದಲ್ಲಿ ಕಾಲುವೆಯ ದಂಡೆಯ ಮೇಲೆ ಉಲ್ರಿಕಾ ನಿಂತಿದ್ದಳು. ಸ್ಟಾಕ್‌ಹೋಮಿನವರು ತೊಟ್ಟಿಯಲ್ಲಿ ತೆಗೆದು ಇಂಟರ್‌ನೆಟ್‌ಗೆ ಹಾಕಿದ್ದ ಒಂದು ಫೋಟೋ ಸುತ್ತಿ ಬಳಸಿ ಅವಳ ಕೈಗೆ ಬಿದ್ದಿತ್ತು. ಅದರಲ್ಲಿ ಅಪ್ಪ ಮೂತಿಯ ಮೇಲೆ ಅಂಗಾತ ಮಲಗಿ ಹಗ್ಗ ಎಳೆಯುತ್ತಿದ್ದ. ಕಾರನ್ನು ಸೇತುವೆಯ ಬಳಿ ಅಡ್ಡಾದಿಡ್ಡಿ ನಿಲ್ಲಿಸಿ ಬಂದಿದ್ದಳು. ಡಾಗ್ನಿ ದೋಣಿ ಕಟ್ಟಿ, ಎಲೋಫನನ್ನು ಇಳಿಸಿ ದಂಡೆಯ ಬೆಂಚಿನ ಮೇಲೆ ಕೂರಿಸಿದಳು.

"ಕೈ ತೋರ್ಸು ಅಪ್ಪ." ಅಂಗೈ ನೋಡಿದವಳೇ ತಾಯಿಯ ಕಡೆ ತಿರುಗಿದಳು. "ಏನಮ್ಮ ಇದು? ಏನು ಮಾಡ್ತಿದೀಯ ನೀನು? ಅಪ್ಪ ಬಿದ್ದು ಮುಳುಗಿದ್ರೆ?"

"ಎತ್ತಿಕೊಳ್ತಿದ್ದೆ."

"ತಮಾಷೆ ಅಲ್ಲ ಇದು! ಎಷ್ಟು ದಿನದ ವ್ಯಾಯಾಮ ತಪ್ಪಿತು ಗೊತ್ತಾ ಅವನಿಗೆ?"

"ವ್ಯಾಯಾಮನಾ? ಅಲ್ಲಿ ರಬ್ಬರ್ ಚೆಂಡು ಹಿಸುಕ್ತಿದ್ದ. ಇಲ್ಲಿ ದೋಣಿ ಎಳೀತಿದಾನೆ."

ಉಲ್ರಿಕಾ ಅಪ್ಪನ ಮುಂದೆ ಮೊಣಕಾಲೂರಿ ಕುಳಿತಳು. ದನಿ ಇಳಿಸಿ, "ಅಪ್ಪ, ನಾನು ನಿನ್ನ ಕೇಳ್ತೀನಿ, ಅಮ್ಮನ್ನಲ್ಲ. ಮನೆಗೆ ಹೋಗೋಣ್ವಾ?" ಎಂದಳು.

"ಹೌದು," ಎಂದ ಎಲೋಫ್.

ಡಾಗ್ನಿ ಥಟ್ಟನೆ ಗಂಡನ ಮುಖ ನೋಡಿದಳು. ಇಷ್ಟು ದಿನ ಅವನ ಮುಖ ಓದಿದೆನೆಂದು ತಿಳಿದದ್ದು, ಆ ಗಲ್ಲ, ಆ ನಗು, ಎಲ್ಲವನ್ನೂ ತಾನು ತನಗೆ ಬೇಕಾದ ಹಾಗೆ ಓದಿಕೊಂಡಿದ್ದರೆ? ನಿಲ್ದಾಣದಲ್ಲಿ ರೈಲೊಂದು ಬಂದು ನಿಂತು ಹೋಯಿತು.

"ನೋಡಿದ್ಯಾ?" ಎಂದಳು ಉಲ್ರಿಕಾ. ಅವಳ ಕಣ್ಣಲ್ಲೂ ನೀರಿತ್ತು. "ಬಾ ಅಪ್ಪ. ಮೆಲ್ಲಗೆ ಏಳು."

ಎಲೋಫನ ಮುಖ ಕೆಂಪೇರಿತು. "ಹೌದು," ಎಂದ ಮತ್ತೆ. ತಲೆ ಅಡ್ಡಡ್ಡ ಅಲ್ಲಾಡಿಸಿದ, ತುಟಿಯನ್ನು ಅದುಮಿ ಹಿಡಿದು ಸರಿಯಾದ ಮಾತನ್ನು ಹುಡುಕಿದ, ಮತ್ತೆ ಬಂದದ್ದು ಅದೇ ಹೌದು. "ಹಾಳಾದ್ದು!" ಎಂದು ಆಕಾಶಕ್ಕೆ ಕೇಳುವಂತೆ ಅರಚಿದ. ಕೋಲೂರಿ ಎದ್ದ. ಮಗಳು ತೋಳು ಹಿಡಿಯಲು ಬಂದಾಗ ಕೊಡವಿಕೊಂಡ. ಕಾಲೆಳೆಯುತ್ತಾ ಅವನು ನಡೆದದ್ದು ಕಾರಿನ ಕಡೆಗಲ್ಲ, ದಂಡೆಯಲ್ಲಿ ಹಗ್ಗ ಕಟ್ಟಿದ್ದ ಕಂಬದ ಕಡೆಗೆ. ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಒಂದೇ ಕೈಯಲ್ಲಿ, ಗಂಟಿನ ಒಂದೊಂದೇ ಸುತ್ತನ್ನು ಬಿಚ್ಚಿದ. ಹಗ್ಗವನ್ನು ದೋಣಿಯೊಳಗೆ ಎಸೆದು, ಡಾಗ್ನಿಯ ಕಡೆ ತಿರುಗಿ, ಇನ್ನೂ ಯಾಕೆ ನಿಂತಿದ್ದೀಯ ಎಂಬಂತೆ ನೋಡಿದ.

ಅವಳು ಅವನನ್ನು ಹತ್ತಿಸಿ ಎಂಜಿನ್ ಹಚ್ಚಿದಳು.

ಕಾಲುವೆಯಲ್ಲಿ ದೋಣಿ ಜೋರಾಗಿ ಹೋಗುವಂತಿಲ್ಲ, ದಂಡೆ ಕುಸಿಯುತ್ತದೆ. ಬೀಸುನಡಿಗೆಯ ವೇಗವಷ್ಟೆ. ಹಾಗಾಗಿ ಉಲ್ರಿಕಾ ದಂಡೆಯ ಕಾಲುದಾರಿಯಲ್ಲಿ ಪಕ್ಕಪಕ್ಕವೇ ನಡೆಯುತ್ತಾ ಜಗಳ ಮುಂದುವರಿಸಿದಳು.

"ನಿಮ್ಮಿಬ್ರಿಗೂ ತಲೆ ಕೆಟ್ಟಿದೆ!"

"ಗೊತ್ತು!"

"ಮುಂದೆ ವೆಟ್ಟರ್ನ್ ಇದೆ! ಕಾಲುವೆ ಅಲ್ಲ ಅದು! ಅಲ್ಲಿ ಏನು ಮಾಡ್ತೀಯ?"

"ದಾಟ್ತೀನಿ!"

"ಮಾತ್ರೆ ಎಷ್ಟಿದೆ?"

ಡಾಗ್ನಿ ಮುಖ ತಿರುಗಿಸಿ ಮುಂದಿನ ನೀರು ನೋಡಿದಳು. ಮಾತ್ರೆ ಮುಗಿಯುತ್ತಾ ಬಂದಿತ್ತು.

"ನಂಗೊತ್ತಿತ್ತು!" ಉಲ್ರಿಕಾ ಬೆವರುತ್ತಾ, ಎಡವುತ್ತಾ, ಒಂದು ನಾಯಿ ಮತ್ತು ಎರಡು ಸೈಕಲ್‌ಗಳಿಗೆ ದಾರಿ ಬಿಡುತ್ತಾ ಮುಂದಿನ ಸೇತುವೆಯವರೆಗೂ ಬಂದಳು. ಅಲ್ಲಿ ದೋಣಿ ಇಕ್ಕಟ್ಟಿನಲ್ಲಿ ದಂಡೆಯ ಹತ್ತಿರಕ್ಕೆ ಸರಿದಾಗ, ಹೆಗಲ ಚೀಲ ಬಿಚ್ಚಿ, ಔಷಧಿಯ ಪೊಟ್ಟಣವನ್ನು ಗುರಿಯಿಟ್ಟು ಎಸೆದಳು. ಅದು ಎಲೋಫನ ತೊಡೆಯ ಮೇಲೆ ಬಿತ್ತು. "ಊಟ ಆದ್ಮೇಲೆ ಕೊಡು, ಮೊದಲು ಕೊಡ್ಬೇಡ!" ಎಂದು ಕೂಗಿ, ಸೇತುವೆಯ ಕಂಬಿಗೆ ಒರಗಿ ನಿಂತುಬಿಟ್ಟಳು. ತಿರುವಿನವರೆಗೂ ಅವಳ ಹಳದಿ ಅಂಗಿ ಕಾಣುತ್ತಿತ್ತು.

ವೆಟ್ಟರ್ನ್ ಬಗ್ಗೆ ಉಲ್ರಿಕಾ ಹೇಳಿದ್ದು ಸುಳ್ಳಲ್ಲ. ಆಳವಾದ, ತಣ್ಣನೆಯ, ಹೇಳದೆ ಕೇಳದೆ ಮೇಲೇಳುವ ಸರೋವರ. ಕಾರ್ಲ್ಸ್‌ಬೋರ್ಗ್ ಬಂದರಿನಲ್ಲಿ ದೋಣಿಗಳೆಲ್ಲ ಗಾಳಿ ಇಳಿಯಲೆಂದು ಕಾಯುತ್ತಿದ್ದವು. ಡಾಗ್ನಿಯೂ ಕಾದಳು. ಹಟ ಬೇರೆ, ಹುಚ್ಚು ಬೇರೆ ಎಂಬುದು ಅವಳಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ನೀರು ಎಣ್ಣೆಯಂತೆ ನಿಂತಾಗ ಹೊರಟಳು. ನಡುನೀರಿಗೆ ಬರುವಷ್ಟರಲ್ಲಿ ಉತ್ತರದಿಂದ ಗಾಳಿ ಎದ್ದಿತು. ಹಿಂದಿನ ದಡವೂ ಮುಂದಿನ ದಡವೂ ಒಂದೇ ದೂರ. ಎಡಗಡೆಯಿಂದ ಬಂದ ಅಲೆಗಳು ರೂತ್‌ನ ಪಕ್ಕೆಗೆ ಗುದ್ದಿ ಅದನ್ನು ತೊಟ್ಟಿಲಂತೆ ವಾಲಿಸಿದವು. ಕಪಾಟಿನ ಬಟ್ಟಲುಗಳೆಲ್ಲ ಉರುಳಿ ಚೂರಾದವು.

ಡಾಗ್ನಿ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. ಮುಂದೆ ನೋಡಬೇಕೋ, ಅಲೆ ನೋಡಬೇಕೋ, ದಿಕ್ಸೂಚಿ ನೋಡಬೇಕೋ ತಿಳಿಯದು. ಬಲಗಡೆಯಿಂದ ಸರಕಿನ ದೋಣಿಯೊಂದು ಬೇರೆ ಬರುತ್ತಿತ್ತು.

ಎಲೋಫ್ ಗೋಡೆ ಹಿಡಿದು ಅವಳ ಪಕ್ಕದ ಸೀಟಿಗೆ ಬಂದು ಕುಳಿತ. ಎಡ ಕಿಟಕಿಯ ಗಾಜು ಒರೆಸಿ ಉತ್ತರಕ್ಕೆ ಕಣ್ಣು ನೆಟ್ಟ. ದೊಡ್ಡದೊಂದು ಬರುವುದು ಕಂಡಾಗ ಮುಂದಿನ ಹಲಗೆಗೆ ಅಂಗೈಯಿಂದ ಬಡಿದ. ಡಾಗ್ನಿ ಮೂತಿಯನ್ನು ಅದರ ಕಡೆ ತಿರುಗಿಸಿದಳು. ರೂತ್ ಏರಿತು, ಇಳಿಯಿತು. ಮತ್ತೆ ದಾರಿಗೆ ಬಂದರು. ಮತ್ತೆ ಬಡಿತ, ಮತ್ತೆ ತಿರುವು.

"ಎಡಗಡೆ ನಿಂದು," ಎಂದಳು ಡಾಗ್ನಿ, ಹಲ್ಲು ಕಚ್ಚಿ. "ಬಲಗಡೆ ನಂದು. ನಂದರ ಕಡೆ ನೋಡ್ಬೇಡ."

ಅವನಿಗೆ ಅವಳದ್ದು ಕಾಣುತ್ತಲೂ ಇರಲಿಲ್ಲ. ಅವನು ಅವಳ ಕಡೆ ತಿರುಗದೆ, ಪಾಠ ಹೇಳುವಾಗ ಮಾಡುತ್ತಿದ್ದಂತೆ ಬೆರಳನ್ನು ಮುಂದಕ್ಕೆ ಚಾಚಿದ. ಎಕ್ಸಿಲರೇಟರ್ ಕಡಿಮೆ ಮಾಡು. ಅವಳು ಮಾಡಿದಳು. ಈಗ ಕೊಡು. ಕೊಟ್ಟಳು. ಮದುವೆಯಾದಾಗಿನಿಂದ ಅವನಿಂದ ಕಲಿಯಲು ಒಪ್ಪದಿದ್ದ ಹೆಂಗಸು ಆ ಮಧ್ಯಾಹ್ನ ಎಲ್ಲವನ್ನೂ ಕಲಿತಳು. ಮೂತಾಲಾದ ಕಟ್ಟೆಗೆ ರೂತ್ ತಾಗಿದಾಗ ಸದ್ದೇ ಆಗಲಿಲ್ಲ. ಎಂಜಿನ್ ನಿಲ್ಲಿಸಿದಮೇಲೆ ಇಬ್ಬರೂ ಕುಳಿತಲ್ಲಿಂದ ಏಳಲಾರದೆ ಒಡೆದ ಬಟ್ಟಲುಗಳನ್ನು ನೋಡುತ್ತಾ ಕುಳಿತರು. ಆಮೇಲೆ ಬಾಣಲೆಯಲ್ಲೇ ಕಾಫಿ ಕಾಯಿಸಿ, ಬಾಣಲೆಯಿಂದಲೇ ಕುಡಿದರು.

ಅಲ್ಲಿಂದ ಮುಂದೆ ಇಳಿಜಾರು. ಬೆರ್ಗ್‌ನ ತೊಟ್ಟಿಗಳ ಮೆಟ್ಟಿಲನ್ನು ಇಳಿದರು, ರುಕ್ಸೆನ್ ಸರೋವರವನ್ನು ದಾಟಿದರು, ಹೊಲಗಳ ನಡುವೆ ಏರಿ ಕಟ್ಟಿ ಎತ್ತರಿಸಿದ ಕಾಲುವೆಯಲ್ಲಿ, ಹಸುಗಳಿಗಿಂತ ಎತ್ತರದಲ್ಲಿ ತೇಲಿದರು. ಮೇಮ್‌ನ ಕೊನೆಯ ಗೇಟು ತೆರೆದಾಗ ಎದುರಿಗೆ ಕಡಲು ಚಾಚಿದ ಕೊಲ್ಲಿ, ಅದರಾಚೆ ಬಂಡೆಗಳು. ಡಾಗ್ನಿ ಒಂದು ಮರೆಯಲ್ಲಿ ಲಂಗರು ಹಾಕಿದಳು. ಆಲೂಗಡ್ಡೆ ಬೇಯಲು ಇಟ್ಟು ಹೊರಗೆ ಬಂದರೆ, ಎಲೋಫ್ ಅಂಗಿ ಚಡ್ಡಿ ಕಳಚಿ, ಮೈಮೇಲೆ ತೇಲುಜಾಕೆಟ್ ಮಾತ್ರ ಉಳಿಸಿಕೊಂಡು, ದೋಣಿಯ ಹಿಂದಿನ ಅಂಚಿನಲ್ಲಿ ಕುಳಿತಿದ್ದ.

"ಎಲೋಫ್. ಬೇಡ. ನೀರು ಮಂಜುಗಡ್ಡೆ ಹಾಗಿದೆ."

ಅವನು ಅವಳ ಮುಖವನ್ನೇ ನೋಡುತ್ತಾ ಹಿಂದಕ್ಕೆ ಒರಗಿ ಬಿದ್ದ.

ಅವನು ತೇಲಿದ, ಉಸಿರು ಸಿಕ್ಕಿಕೊಂಡು ಹೂಂಕರಿಸಿದ, ಎಡಗೈಯಿಂದ ನೀರು ಬಡಿಯುತ್ತಾ ಒಂದೇ ಕಡೆ ಗುಂಡಗೆ ಸುತ್ತತೊಡಗಿದ. ಡಾಗ್ನಿ ಬೈಯುತ್ತಲೇ ಏಪ್ರನ್ ಕಿತ್ತೆಸೆದು, ಒಳಉಡುಪಿನಲ್ಲೇ ಧುಮುಕಿದಳು. ಚಳಿಗೆ ಬೈಗುಳವೂ ನಿಂತುಹೋಯಿತು. ಇಬ್ಬರೂ ಹಲ್ಲು ಕಟಕಟಿಸುತ್ತಾ ಒಬ್ಬರನ್ನೊಬ್ಬರು ಹಿಡಿದುಕೊಂಡು ತೇಲಿದರು. ಏಣಿ ಹತ್ತುವುದು ಹೇಗೆಂದು ಇಬ್ಬರೂ ಯೋಚಿಸಿರಲಿಲ್ಲ. ಅವನು ಒಂದು ಕೈಯಲ್ಲಿ ಏಣಿ ಹಿಡಿದ, ಅವಳು ಕೆಳಗಿನಿಂದ ಅವನ ಬರಿ ಅಂಡಿಗೆ ಹೆಗಲು ಕೊಟ್ಟು ತಳ್ಳಿದಳು. ಅರ್ಧ ಏರಿ ಜಾರಿದ. ಮತ್ತೆ ತಳ್ಳಿದಳು. ನಗು ಬಂದು ಕೈಕಾಲಿನ ಶಕ್ತಿಯೆಲ್ಲ ಹೋಯಿತು. ಹಾದುಹೋಗುತ್ತಿದ್ದ ಹಾಯಿದೋಣಿಯೊಂದು ನಿಧಾನಿಸಿತು. "ಸಹಾಯ ಬೇಕಾ?" ಎಂದು ಯಾರೋ ಕೂಗಿದರು.

"ಬೇಡ!" ಎಂದಳು ಡಾಗ್ನಿ, ಊಟದ ಹಾಲಿನ ಕೊನೆಯ ಮೇಜಿಗೂ ಮುಟ್ಟುತ್ತಿದ್ದ ದನಿಯಲ್ಲಿ. ಮುಂದಿನ ಸಲ ತಳ್ಳಿದಾಗ ಎಲೋಫ್ ದೋಣಿಯೊಳಕ್ಕೆ ಮೀನಿನಂತೆ ಬಿದ್ದ.

ಆಲೂಗಡ್ಡೆ ತಳ ಹಿಡಿದಿತ್ತು. ತಿಂದರು.

ಉಲ್ರಿಕಾ ಫೋನಿನಲ್ಲಿ, ದೋಣಿ ತರಲು ಲಾರಿ ಕಳಿಸುತ್ತೇನೆ, ನೀವು ರೈಲಿನಲ್ಲಿ ಬನ್ನಿ ಎಂದಳು. ಡಾಗ್ನಿ ಬಂದ ದಾರಿಯಲ್ಲೇ ಬರುತ್ತೇವೆಂದಳು. "ವಾಪಸ್ ಬರೋವಾಗ ಬೆರ್ಗ್ ಹತ್ತಬೇಕಮ್ಮ! ಅಷ್ಟೂ ತೊಟ್ಟಿ!" "ಹೂಂ, ಹತ್ತಬೇಕು." ಆಮೇಲೆ ಉಲ್ರಿಕಾ, ತನಗೆ ನಾಲ್ಕು ದಿನದ ರ‍ಜೆ ಇದೆ, ಬೆರ್ಗ್‌ಗೆ ಬರುತ್ತೇನೆ, ಹಗ್ಗ ತಾನು ಹಿಡಿಯುತ್ತೇನೆ, ಇದು ಒಪ್ಪಿಗೆ ಅಲ್ಲ, ಸುಮ್ಮನೆ ಬರುತ್ತಿದ್ದೇನೆ ಅಷ್ಟೆ ಎಂದಳು.

ಬಂದಳು ಕೂಡ. ಮೊದಲ ತೊಟ್ಟಿಯಲ್ಲೇ ತಾಯಿ ಮಗಳು ಶುರು ಮಾಡಿದರು.

"ಬಿಗಿ ಹಿಡಿಯೇ!"

"ಹಿಡಿದಿದೀನಿ! ನೀನು ಎಕ್ಸಿಲರೇಟರ್ ಯಾಕೆ ಕೊಡ್ತಿದೀಯ?"

"ನಾನೆಲ್ಲಿ ಕೊಟ್ಟೆ? ಸಡಿಲ ಎಳ್ಕೋ ಅಂದ್ರೆ ನನ್ನ ಮುಖ ನೋಡ್ತೀಯಲ್ಲ!"

ದಂಡೆಯ ಮೇಲೆ ಐಸ್‌ಕ್ರೀಮ್ ತಿನ್ನುತ್ತಿದ್ದವರು ಹತ್ತಿರ ಬಂದರು. ಎಲೋಫ್ ದಿಂಬಿನ ಮೇಲೆ ಕುಳಿತು ಎರಡು ತೊಟ್ಟಿ ಮುಗಿಯುವವರೆಗೂ ಸಹಿಸಿದ. ಮೂರನೆಯದರಲ್ಲಿ ನೀರು ನುಗ್ಗಿದಾಗ, ಮಗಳ ಕೈಯಿಂದ ಹಗ್ಗವನ್ನು ಕಿತ್ತುಕೊಂಡು, ಗೂಟಕ್ಕೆ ಸುತ್ತಿ, ಹಿಂದಕ್ಕೆ ಒರಗಿದ. ಉಲ್ರಿಕಾ ಬರಿಗೈಯಲ್ಲಿ ನಿಂತು ಒಮ್ಮೆ ಅಪ್ಪನನ್ನೂ ಒಮ್ಮೆ ಅಮ್ಮನನ್ನೂ ನೋಡಿದಳು.

"ಒಳಗೆ ಹೋಗಿ ಕಾಫಿಗೆ ಇಡು," ಎಂದಳು ಡಾಗ್ನಿ. "ಇನ್ನೂ ಬೇಕಾದಷ್ಟು ಹತ್ತೋದಿದೆ."